ರುಕುಮವ್ವ ಬರೆಯದ ನುಡಿಗಳು

ಕೃಷ್ಣೆಯ ದಂಡೆಗೆ ಒಂದು ಮಠ. ಅಲ್ಲಿ ಅಜ್ಜಾರು, ಗುರುಗಳು. ಮಾತು ಕಡಿಮೆ. ಶಿಷ್ಯ ನಿರುಪಾದಿ. ಓದಿದವನು.

ಊರೂರಿನ ತತ್ವಪದಗಳು ಹಾಡುವವರ ಜೊತೆಗೇ ಮಣ್ಣಾಗುತ್ತಿದ್ದವು. ನಿರುಪಾದಿ ಅಂತರ್ಜಾಲದಲ್ಲಿ ಒಂದು ಪುಟ ತೆರೆದ. ನೆನಪಿದ್ದ ಪದವನ್ನು ಯಾರು ಬೇಕಾದರೂ ಅಲ್ಲಿ ಬರೆಯಬಹುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು.

ಹೊಳೆಯಾಚೆಯ ರುಕುಮವ್ವ ಎಂಬ ಮುದುಕಿ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ, ಒಂದು ಪದದ ಮೊದಲ ಎರಡು ನುಡಿ ಬರೆದಳು. ಉಳಿದದ್ದು ನಾಳೆ ಎಂದು ಕೆಳಗೆ ಬರೆದಳು. ಆ ಪದ ಬಲ್ಲವರು ಅವಳನ್ನು ಬಿಟ್ಟು ಯಾರೂ ಉಳಿದಿರಲಿಲ್ಲ.

ಪದ ಕಟ್ಟಿದವರ ಹೆಸರು ಮಾತ್ರ ತಪ್ಪಿತ್ತು.

ನಿರುಪಾದಿ ಹೆಸರನ್ನು ಹೊಡೆದುಹಾಕಿದ. ಕೆಳಗೆ ಎಲ್ಲರಿಗೂ ಕಾಣುವಂತೆ ಬರೆದ: "ತಪ್ಪು. ತಿಳಿಯದವರು ಬರೆಯಬಾರದು."

ನಾಳೆ ಬಂತು. ರುಕುಮವ್ವ ಪುಟಕ್ಕೆ ಬರಲಿಲ್ಲ. ತಿಂಗಳು ಕಳೆಯಿತು.

"ಅಜ್ಜಾರ, ಆ ಪದ ಅರ್ಧಕ್ಕ ನಿಂತೈತ್ರಿ. ಆಕಿ ಬರೀವಲ್ಲಳು."

"ನೀ ಏನಂದಿ?"

ನಿರುಪಾದಿ ತಾನು ಬರೆದದ್ದನ್ನು ಓದಿ ಹೇಳಿದ. "ಹೆಸರು ಖರೇನ ತಪ್ಪಿತ್ರಿ," ಎಂದ.

"ತಪ್ಪ ಇತ್ತು," ಎಂದರು ಅಜ್ಜಾರು.

ಅಂದು ಸಂಜೆ ಭಜನೆಗೆ ಅವನನ್ನೇ ಮುಂದೆ ಕೂರಿಸಿದರು.

"ಹಾಡು. ತಿಳಿದಾವ ನೀ."

ಭಜನೆಯಲ್ಲಿ ಒಂದು ರೂಢಿಯಿದೆ. ಮುಂದೆ ಹಾಡುವವನು ತಪ್ಪಿದರೆ ಯಾರೂ ತಾಳ ನಿಲ್ಲಿಸುವುದಿಲ್ಲ. ಹಿಂದಿನವರು ಅದೇ ಸಾಲನ್ನು ತಿರುಗಿ ಹೇಳುವಾಗ ಸರಿಯಾಗಿ ಹೇಳುತ್ತಾರೆ. ಅವನು ಅದನ್ನು ಹಿಡಿದು ಮುಂದೆ ಸಾಗುತ್ತಾನೆ.

ನಿರುಪಾದಿ ಒಂದು ಸಾಲು ತಪ್ಪಿದ.

ಅಜ್ಜಾರು ಕೈಯೆತ್ತಿ ತಾಳ ನಿಲ್ಲಿಸಿದರು.

"ತಪ್ಪು. ತಿಳಿಯದವರು ಹಾಡಬಾರದು."

ದಮ್ಮಡಿಯ ಬಡಿತ ನಿಂತಿತು. ಹಾರ್ಮೋನಿಯಂ ಮುಂದೆ ಕೂತವನು ನೆಲ ನೋಡಿದ. ನಿರುಪಾದಿಗೆ ಮುಂದಿನ ಸಾಲು ನೆನಪಿತ್ತು. ಬಾಯಿಗೆ ಬರಲಿಲ್ಲ.

ಬೆಳಿಗ್ಗೆ ಹೊಳೆ ದಾಟಿ ಹೋದ. ರುಕುಮವ್ವ ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದಳು. ಯಾರೆಂದು ತಿಳಿದ ಮೇಲೂ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

"ಯವ್ವಾ, ನನ್ನಿಂದ ತಪ್ಪಾತು. ಪದ ಪೂರಾ ಮಾಡ್ರಿ."

"ನೀ ಹೇಳಿದ್ದು ಖರೇ ಐತೆಪ್ಪ. ನನಗ ತಿಳೀದು. ನನ್ನ ಮಗಳೂ ಓದಿದ್ಲು ಅದನ್ನ. ಓಣ್ಯಾಗ ಎಲ್ಲಾರೂ ಓದ್ಯಾರ."

"ಅದನ್ನ ಅಳಿಸೀನ್ರಿ."

"ಚಲೋ ಆತು. ಮಜ್ಜಿಗಿ ಕುಡಿ."

"ಬರೀಬ್ಯಾಡ್ರಿ. ಹಾಡ್ರಿ. ನಾ ಕೇಳಿ ಬರ್ಕೋತೀನಿ."

ರುಕುಮವ್ವ ಕಣ್ಣು ಮುಚ್ಚಿದಳು. ಮೂರನೆಯ ನುಡಿಯ ಮೊದಲ ಸಾಲು ಬಂತು. ಒಳ್ಳೆಯ ದನಿ. ಅಷ್ಟರಲ್ಲಿ ಹಾಡು ನಿಲ್ಲಿಸಿದಳು.

"ಇದೂ ತಪ್ಪೈತೇನೋ," ಎಂದಳು.

ಮತ್ತೆ ಮೊರ ಎತ್ತಿಕೊಂಡಳು. ನಿರುಪಾದಿ ಮಜ್ಜಿಗೆ ಕುಡಿದು ಎದ್ದ. ಅವಳು ಬೇಳೆಯಿಂದ ತಲೆ ಎತ್ತಲಿಲ್ಲ.

ಮಠಕ್ಕೆ ಬಂದಾಗ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಇದ್ದರು.

"ಹಾಡಲಿಲ್ರಿ ಅಜ್ಜಾರ. ಇನ್ನ ಹಾಡೂದಿಲ್ಲ ಆಕಿ."

"ಹ್ಞೂಂ."

"ನಾ ಏನ್ ಮಾಡ್ಲಿ?"



"ನಿನ್ನ ಪುಟ ನೋಡಿದೆ," ಎಂದರು. "ಇವತ್ತ ಯಾರೋ ಹೊಸಬರು ಬರದಾರ. ತಪ್ಪೈತಿ."