ನಡುಚಪ್ಪಡಿಯ ಎರಡು ಹಗ್ಗ

ಪರಮಪೂಜ್ಯ ಶ್ರೀ ನಿರಾಭಾರಯ್ಯನವರು ಆ ವರ್ಷದ ಬೇಸಿಗೆಯನ್ನು ಕೆಂಗೊಂಡನಕೊಪ್ಪದ ಹಳ್ಳದ ದಂಡೆಯ ಮೇಲೆ, ಜೋಳದ ಕಣಿಕೆ ಹೊದಿಸಿದ ಒಂದು ಗುಡಿಸಲಿನಲ್ಲಿ ಕಳೆದರು. ಊರಿನಲ್ಲಿ ಅವರಿಗಾಗಿ ಮಠದ ಕೋಣೆ ಸಿದ್ಧವಿತ್ತು. ಆದರೂ ಅವರು ದಂಡೆಯಲ್ಲಿಯೇ ಉಳಿದಿದ್ದಕ್ಕೆ ಕಾರಣವಿದೆ. ಹಳ್ಳಕ್ಕೆ ಕಲ್ಲಿನ ಸೇತುವೆ ಕಟ್ಟಿಸುವ ಸಂಕಲ್ಪ ಅವರದಾಗಿತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆಯ ಕೇರಿಯವರಿಗೆ ಊರಿನ ದಾರಿಯೇ ಇರುತ್ತಿರಲಿಲ್ಲ. ಹಿಂದಿನ ಶ್ರಾವಣದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳೊಬ್ಬಳ ಬಳಿಗೆ ಸೂಲಗಿತ್ತಿ ಹೋಗಲಾಗದೆ ತಾಯಿ ಮಗು ಇಬ್ಬರೂ ತೀರಿಕೊಂಡಿದ್ದರು. ಪೂಜ್ಯರು ಅಂದಿನಿಂದ ಆ ದಂಡೆಯನ್ನು ಬಿಟ್ಟಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರೇ ಕೊಡ ಹೊತ್ತು ಕೆಲಸಗಾರರಿಗೆ ನೀರು ಹಾಕುತ್ತಿದ್ದರು. ಸ್ವಾಮಿಗಳು ನೀರು ಹಾಕುವುದೇ ಎಂದು ಯಾರಾದರೂ ಸಂಕೋಚಪಟ್ಟರೆ, ಪೂಜ್ಯರು ಬೊಗಸೆ ಹಿಡಿಯುವಂತೆ ಸನ್ನೆ ಮಾಡುತ್ತಿದ್ದರು. ಅವರು ಮಾತಾಡುತ್ತಿದ್ದುದೇ ಕಡಿಮೆ. ಭಕ್ತರು ಅವರನ್ನು ‘ಅಜ್ಜಾರು’ ಎನ್ನುತ್ತಿದ್ದರು.

ಕೆಲಸದ ಮುಖ್ಯಸ್ಥ ಈರಬಸಪ್ಪ ಮೇಸ್ತ್ರಿ. ಊರಿನವನೇ. ಕಲ್ಲು ಎಳೆಯುವ ಕೆಲಸದಲ್ಲಿ ಸುತ್ತಿನ ಹಳ್ಳಿಗಳಲ್ಲಿ ಅವನಿಗೆ ಹೆಸರಿತ್ತು. ಆದರೆ ಬಿತ್ತನೆಗೆ ಹೊಲ ಹದ ಮಾಡುವ ಕಾಲವಾದ್ದರಿಂದ ಊರಿನ ಆಳುಗಳು ಸಾಲುತ್ತಿರಲಿಲ್ಲ. ಅದೇ ಸಮಯಕ್ಕೆ ಘಟ್ಟದ ಕೆಳಗಿನಿಂದ ಒಂದಷ್ಟು ಜನ ಕೆಲಸ ಹುಡುಕಿಕೊಂಡು ಬಂದರು. ಅವರು ಖಾರ್ವಿಗಳು, ಎಂದರೆ ಕಡಲಿನ ಮೀನುಗಾರರು. ದೀಪಾವಳಿಯ ಸುಮಾರಿಗೆ ಎದ್ದ ಬಿರುಗಾಳಿಯಲ್ಲಿ ಅವರ ದೋಣಿಗಳು ಒಡೆದುಹೋಗಿದ್ದವು. ಮನೆಮಾತು ಕೊಂಕಣಿ. ಕನ್ನಡ ಬಲ್ಲರು, ಆದರೆ ಅದು ಕರಾವಳಿಯ ಕನ್ನಡ. ಕೊಪ್ಪದವರ ಕಿವಿಗೆ ಅದು ಅರ್ಧ ಮಾತ್ರ ಸಿಗುತ್ತಿತ್ತು. ಅವರ ಮುಖಂಡ ಪುಂಡಲೀಕ ಖಾರ್ವಿ ಪೂಜ್ಯರ ಮುಂದೆ ಕೈಮುಗಿದು ನಿಂತಾಗ, ಪೂಜ್ಯರು ಅವನ ಅಂಗೈ ನೋಡಿದರು. ಹಗ್ಗ ಹಿಡಿದು ಹಿಡಿದು ಅದು ಮರದ ತೊಗಟೆಯಂತಾಗಿತ್ತು. “ಇವರನ್ನ ಇಟ್ಟುಕೋ” ಎಂದಷ್ಟೇ ಮೇಸ್ತ್ರಿಗೆ ಅಪ್ಪಣೆಯಾಯಿತು.

ಅಪ್ಪಣೆ ಪಾಲಿಸಿದನೇ ಹೊರತು ಈರಬಸಪ್ಪನ ಮನಸ್ಸು ಒಪ್ಪಲಿಲ್ಲ. ಮೊದಲ ದಿನದಿಂದಲೇ ಅವನಿಗೆ ಅನುಮಾನ. ಖಾರ್ವಿಗಳು ಕೆಲಸ ಶುರುಮಾಡುವ ಮೊದಲು ತಾವು ತಂದಿದ್ದ ದೋಣಿಯ ಹಗ್ಗಕ್ಕೆ ನೀರು ಚಿಮುಕಿಸಿ ಹಣೆಗೆ ಒತ್ತಿಕೊಂಡು ಏನೋ ಗೊಣಗುತ್ತಿದ್ದರು. “ಮಾಟ ಮಾಡ್ತಾರ ನೋಡ್ರಿ” ಎಂದು ಅವನು ತನ್ನವರ ಕಿವಿಯಲ್ಲಿ ಊದಿದ. ಸಂಜೆಯಾದರೆ ಅವರೆಲ್ಲ ಪಡುವಣಕ್ಕೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದರು. “ಅತ್ಲಾಗಿಂದ ಯಾರೋ ಬರಾವ್ರದಾರ. ಅದಕ್ಕ ದಾರಿ ಕಾಯ್ತಾರ” ಎಂದು ಒಬ್ಬ ಹೇಳಿದ, ಅದು ಊರೆಲ್ಲ ಹಬ್ಬಿತು. ದಾಸೋಹದ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರಬೇಕೆಂಬುದು ಪೂಜ್ಯರ ನಿಯಮ. ಖಾರ್ವಿಗಳು ಮಾತ್ರ ದೂರ, ಜಾಲಿ ಮರದ ಕೆಳಗೆ ಹೋಗಿ ಉಣ್ಣುತ್ತಿದ್ದರು. ಊರಿನವರು ಇದನ್ನು ಸೊಕ್ಕೆಂದು ತಿಳಿದರು. ನಿಜ ಬೇರೆಯೇ ಇತ್ತು. ಮೀನು ತಿನ್ನುವ ಪರಸ್ಥಳದವರು ಮಠದವರ ಸಾಲಿನಲ್ಲಿ ಕೂತರೆ ಕರೆದವರಿಗೇ ಮುಜುಗರ, ಕರೆಯುವವರೆಗೆ ದೂರ ಕೂರುವುದೇ ಮರ್ಯಾದೆ ಎಂದು ಅವರು ತಿಳಿದಿದ್ದರು. ಕರೆಯದಿದ್ದರೂ ಬಂದು ಕೂರುವುದೇ ಮರ್ಯಾದೆ ಎಂದು ಇವರು ತಿಳಿದಿದ್ದರು. ಹೀಗೆ ಇಬ್ಬರೂ ಮರ್ಯಾದೆಯಿಂದಲೇ ಒಬ್ಬರನ್ನೊಬ್ಬರು ದೂರ ಇಟ್ಟಿದ್ದರು.

ಖಾರ್ವಿಗಳಿಗೂ ಅನುಮಾನ ಕಡಿಮೆಯಿರಲಿಲ್ಲ. ಊರಿನವರು ಸಂಜೆ ಹೊರಡುವಾಗ ತಮ್ಮ ಹಗ್ಗವನ್ನು ಸುತ್ತಿ ಮನೆಗೆ ಒಯ್ಯುತ್ತಿದ್ದುದನ್ನು ಅವರು ಕಂಡಿದ್ದರು. ನಮ್ಮನ್ನು ಕಳ್ಳರೆಂದುಕೊಂಡಿದ್ದಾರೆ, ಕೆಲಸ ಮುಗಿಯುತ್ತಲೇ ಏನಾದರೂ ತಪ್ಪು ಹೊರಿಸಿ ಓಡಿಸುತ್ತಾರೆ ಎಂದು ತಮ್ಮೊಳಗೆ ಆಡಿಕೊಳ್ಳುತ್ತಿದ್ದರು.

ಸಣ್ಣ ಚಪ್ಪಡಿಗಳನ್ನು ಏರಿಸುವವರೆಗೆ ತೊಂದರೆಯಾಗಲಿಲ್ಲ. ಅವುಗಳಿಗೆ ಒಂದೇ ಹಗ್ಗ ಸಾಕಾಗುತ್ತಿತ್ತು, ಅದನ್ನು ಊರಿನವರೇ ಎಳೆಯುತ್ತಿದ್ದರು. ಖಾರ್ವಿಗಳು ಮಣ್ಣು ಹೊರುತ್ತಿದ್ದರು. ಆದರೆ ನಡುಗಂಬಗಳ ಮೇಲೆ ಕೂರಬೇಕಾದ ಚಪ್ಪಡಿ ಬಹಳ ದೊಡ್ಡದು. ಅದನ್ನು ಉರುಳುದಿಮ್ಮಿಗಳ ಮೇಲಿಟ್ಟು, ಮಣ್ಣಿನ ಏರಿನ ಮೇಲೆ ಎರಡು ಹಗ್ಗ ಕಟ್ಟಿ ಎಳೆಯಬೇಕು. ಎಡದ ಹಗ್ಗ ಊರಿನವರಿಗೆ, ಬಲದ ಹಗ್ಗ ಖಾರ್ವಿಗಳಿಗೆ ಎಂದಾಯಿತು. ಎರಡೂ ಹಗ್ಗ ಒಂದೇ ಕ್ಷಣದಲ್ಲಿ ಬಿಗಿಯಾದರೆ ಕಲ್ಲು ನೆಟ್ಟಗೆ ಏರುತ್ತದೆ. ಒಂದು ಬಿಗಿದು ಇನ್ನೊಂದು ಸಡಿಲವಿದ್ದರೆ ಓರೆಯಾಗಿ ಜಾರುತ್ತದೆ.

ಹಾಗೆಯೇ ಆಯಿತು. ಮೇಸ್ತ್ರಿ “ಐಸಾ!” ಎಂದು ಕೂಗಿದ. ಎಡದ ಹಗ್ಗ ಬಿಗಿಯಿತು, ಕಲ್ಲು ಓರೆಯಾಯಿತು. ಊರಿನವರು ಉಸಿರು ಬಿಡುವಷ್ಟರಲ್ಲಿ ಬಲದ ಹಗ್ಗ ಬಿಗಿಯಿತು, ಕಲ್ಲು ಈ ಕಡೆಗೆ ತಿರುಗಿತು. ಪ್ರತಿ ಸಲವೂ ಹೀಗೆಯೇ. ಕೊನೆಗೆ ದಿಮ್ಮಿಯೊಂದು ಹಾರಿ, ಅದನ್ನು ಸರಿಪಡಿಸಲು ಬಾಗಿದ್ದ ಗುರುಶಾಂತನ ಪಾದದ ಮೇಲೆ ಬಿತ್ತು. ಗುರುಶಾಂತ ಮೇಸ್ತ್ರಿಯ ಒಡಹುಟ್ಟಿದ ತಮ್ಮ.

ಈರಬಸಪ್ಪ ತಮ್ಮನನ್ನು ಹೊತ್ತುಕೊಂಡು ನೇರ ಗುಡಿಸಲಿಗೆ ಬಂದ. ಕಣ್ಣು ಕೆಂಪಾಗಿದ್ದವು.

“ಅಜ್ಜಾರ, ನಿಮ್ಮ ಪಾದದಾಣಿ ಹೇಳ್ತೀನಿ, ಆ ಮಂದಿ ಸಾಚಾ ಅಲ್ಲ. ನಾ ಕೂಗಿದಾಗ ಅವರು ಜಗ್ಗಲಿಲ್ಲ. ನಮ್ಮವರು ದಮ್ಮ ತಗೊಳ್ಳೂದನ್ನ ನೋಡಿ, ಆವಾಗ ಜಗ್ಗಿದ್ರು. ಒಮ್ಮೆ ಅಲ್ಲರಿ, ಎಲ್ಲಾ ಸಲಾನೂ ಹಂಗ! ಬೇಕಂತನ ಮಾಡ್ಯಾರ.”

ಪೂಜ್ಯರು ಗುರುಶಾಂತನ ಪಾದಕ್ಕೆ ಕಟ್ಟಲು ಬಟ್ಟೆ ಹರಿಯುತ್ತಿದ್ದರು.

“ರಾಚನಗೌಡ್ರಿಗೆ ಹೇಳಿ ಕಳಿಸೀನಿ” ಎಂದ ಮೇಸ್ತ್ರಿ. “ಇನ್ನೇನ ಬರ್ತಾರ. ಆ ಪುಂಡಲೀಕನ್ನ ಕೈಕಟ್ಟಿ ಕಚೇರಿಗೆ ಒಯ್ಲಿ.”

ರಾಚನಗೌಡರೆಂದರೆ ಊರಿನ ಗೌಡರು. ಆ ಕಾಲದಲ್ಲಿ ಹಳ್ಳಿಗಳಲ್ಲಿ ಪೊಲೀಸಿನ ಅಧಿಕಾರವೂ ಗೌಡರದೇ. ಅವರು ಒಬ್ಬನನ್ನು ಕಟ್ಟಿ ತಾಲ್ಲೂಕಿಗೆ ಕಳಿಸಿದರೆ, ಗುರುತು ಪರಿಚಯವಿಲ್ಲದ ಊರಿನಲ್ಲಿ ಅವನ ಪರವಾಗಿ ಹೇಳುವವರು ಯಾರೂ ಇರುವುದಿಲ್ಲ. ಪುಂಡಲೀಕನಿಗೂ ಇದು ಗೊತ್ತಿತ್ತು. ಅವನು ಓಡಿಹೋಗಬಹುದಿತ್ತು. ಓಡದೆ ಗುಡಿಸಲಿನ ಹೊರಗೆ ನಿಂತಿದ್ದ.

ಪೂಜ್ಯರು ಪಟ್ಟಿ ಕಟ್ಟಿ ಮುಗಿಸಿ ಕೇಳಿದರು. “ನೀ ಎಲ್ಲಿ ನಿಂತು ನೋಡಿದಿ?”

“ನಮ್ಮ ಹಗ್ಗದ ಮುಂದ, ಅಜ್ಜಾರ.”

“ಒಮ್ಮೆ ಅವರ ಹಗ್ಗಾ ಹಿಡಿ. ಆಮ್ಯಾಲೆ ಗೌಡ್ರಿಗೆ ಏನು ಹೇಳ್ತಿ ಹೇಳು.”

ಮೇಸ್ತ್ರಿ ಒಪ್ಪಿಕೊಂಡ. ಭಕ್ತಿಯಿಂದ ಒಪ್ಪಿಕೊಂಡನೆಂದು ಹೇಳಿದರೆ ಸುಳ್ಳಾಗುತ್ತದೆ. ಅವರ ನಡುವೆ ನಿಂತರೆ ಅವರ ಕಳ್ಳಾಟ ಕೈಯಾರೆ ಹಿಡಿಯಬಹುದು ಎಂಬುದು ಅವನ ಲೆಕ್ಕಾಚಾರ. “ನಡೀ, ನಿನ್ನ ಗುಟ್ಟು ಇವತ್ತ ತೆಗಿತೀನಿ” ಎಂದು ಪುಂಡಲೀಕನನ್ನು ನೋಡಿ ಹಲ್ಲು ಕಡಿದ. ಪುಂಡಲೀಕ, “ತೆಗಿ ಮಾರಾಯ. ನಿನ್ ಗುಟ್ಟೂ ಅಲ್ಲೇ ಇತ್ತೋ ಏನೋ, ಕಾಂಬ” ಎಂದ, ನೋಡಿಯೇಬಿಡೋಣ ಎಂಬಂತೆ.

ಪೂಜ್ಯರು ಮತ್ತೆ ಆ ದೊಡ್ಡ ಕಲ್ಲನ್ನು ಮುಟ್ಟಗೊಡಲಿಲ್ಲ. ಬಯಲಿನಲ್ಲಿ ಬಿದ್ದಿದ್ದ ಒಂದು ಮರದ ತೊಲೆಗೆ ಖಾರ್ವಿಗಳ ಹಗ್ಗ ಕಟ್ಟಿಸಿದರು. ಮೇಸ್ತ್ರಿ ಸಾಲಿನ ನಡುವೆ ಹಗ್ಗ ಹಿಡಿದು ನಿಂತ. ಮುಂದಿನವನ ಕೈಮೇಲೆ ಒಂದು ಕಣ್ಣು, ಹಿಂದಿನವನ ಕಾಲಮೇಲೆ ಒಂದು ಕಣ್ಣು. ಊರಿನವರು ಒಂದು ಕಡೆ ಗುಂಪುಕಟ್ಟಿ ನೋಡುತ್ತಿದ್ದರು.

“ಏಲೇಸಾ!” ಎಂದು ಪುಂಡಲೀಕ ಕೂಗಿದ.

ಮೇಸ್ತ್ರಿ ತಕ್ಷಣ ಮೈಯೆಲ್ಲ ಬಿಗಿದು ಎಳೆದ. ಅವನೊಬ್ಬನೇ ಎಳೆದ. ಹಗ್ಗ ಮುಂದಿನವನ ಕೈಯಿಂದ ಕಿತ್ತುಕೊಂಡು ಬಂತು. ಹಿಂದಿನವನು ಇನ್ನೂ ಸಡಿಲ ನಿಂತಿದ್ದರಿಂದ ಮೇಸ್ತ್ರಿ ಹೋಗಿ ಅವನ ಮೇಲೆ ಬಿದ್ದ. ಇಬ್ಬರೂ ನೆಲ ಕಚ್ಚಿದರು.

“ಕೋಣ್ ರೇ ತೋ?” ಎಂದು ಸಾಲಿನ ತುದಿಯಿಂದ ಒಬ್ಬ ಕಿರುಚಿದ. ಯಾರೋ ಅವನು ಎಂದು ಅದರ ಅರ್ಥ. ಅವನೇ ಕನ್ನಡದಲ್ಲಿ ಮುಂದುವರಿಸಿದ. “ನಮ್ಮನ್ನ ಕೊಲ್ಲುಕೇ ಬಂದನಾ ಇವ? ಬೇಕಂತಲೇ ಮಾಡ್ದ!”

ಮೇಸ್ತ್ರಿ ಎದ್ದು ನಿಂತ. ಆ ಮಾತು ಅವನಿಗೆ ಚೆನ್ನಾಗಿ ಅರ್ಥವಾಯಿತು. ತುಸು ಮೊದಲು ಅವನೇ ಅಜ್ಜಾರ ಮುಂದೆ ಆಡಿದ ಮಾತು ಅದು. “ಬೇಕಂತ ಯಾವ ಮಾಡ್ಯಾನೋ!” ಎಂದು ರೇಗಿದ. “ಕೂಗಿದ್ರಿ, ಜಗ್ಗಿದ್ನಿ!”

ಮತ್ತೊಮ್ಮೆ ಹಗ್ಗ ಹಿಡಿದರು. ಈ ಸಲ ಮೇಸ್ತ್ರಿ ತಡೆದು ಎಳೆಯಬೇಕೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ. “ಏಲೇಸಾ!” ಕೂಗು ಕಿವಿಗೆ ಬೀಳುತ್ತಲೇ ಅವನ ತೋಳು ತಾವಾಗಿಯೇ ಎಳೆದವು. ಬಾಲ್ಯದಿಂದ ಹಾಗೆಯೇ ಎಳೆದ ತೋಳು ಅವು. ಹಿಂದಿನವನು ಮತ್ತೆ ಬಿದ್ದ. ಮೇಸ್ತ್ರಿ ಹಗ್ಗ ಬಿಟ್ಟು ತನ್ನ ಕೈಗಳನ್ನೇ ನೋಡಿಕೊಂಡ. ಯಾವ ಕೆಟ್ಟ ಯೋಚನೆಯೂ ಇಲ್ಲದೆ ಅವು ಎರಡು ಸಲ ಒಬ್ಬ ಮನುಷ್ಯನನ್ನು ಬೀಳಿಸಿದ್ದವು.

ಅವನು ಪುಂಡಲೀಕನ ಹತ್ತಿರ ಹೋಗಿ ಕೇಳಿದ. ದನಿ ಇಳಿದಿತ್ತು. “ಕೂಗಿದ ಮ್ಯಾಲೆ ಯಾಕ ತಡೀತೀರಿ?”

“ಅಲೆ ಬರ್ಬೇಕಲ್ದಾ?” ಎಂದ ಪುಂಡಲೀಕ, ಇದೇನು ಕೇಳುವ ಮಾತೇ ಎಂಬಂತೆ. “ನಾವ್ ಕೂಗುದ್ ತಯಾರಾಯ್ಕಣಿ ಅಂದ್ಹೇಳಿ. ಅಲೆ ಬಂದ್ ದೋಣಿ ಎತ್ತತ್ತ್, ಆವಾಗ ಎಳುದ್. ಮುಂಚೆ ಎಳ್ದ್ರೆ ದೋಣಿ ಮರಳಾಗೆ ಕಚ್ಕಂತ್.”

“ಇಲ್ಲಿ ಅಲೆ ಎಲ್ಲೈತೋ ಯಪ್ಪಾ?”

ಪುಂಡಲೀಕ ಸುತ್ತ ಕಣ್ಣಾಡಿಸಿದ. ಒಣಗಿದ ಹಳ್ಳ ನೋಡಿದ, ಕಲ್ಲು ನೋಡಿದ, ತನ್ನವರನ್ನು ನೋಡಿದ. ಕಡಲಿನಿಂದ ಅಷ್ಟು ದೂರ, ಘಟ್ಟದ ಮೇಲಿನ ಒಣನೆಲದಲ್ಲಿ ತಾವೆಲ್ಲ ಅಲೆಗಾಗಿ ಕಾಯುತ್ತಿದ್ದೆವೆಂದು ಅವನಿಗೂ ಆಗಲೇ ಹೊಳೆದದ್ದು. “ಇಲ್ಲೆ” ಎಂದ ಮೆಲ್ಲಗೆ, ಇಲ್ಲವೆಂದು ತಲೆಯಾಡಿಸುತ್ತ. “ಅಲೆ ಇಲ್ಲೆ ಅಂದ್ ನಮ್ಗ್ ಗೊತ್ತಿತ್ತ್. ಕೈಗೆ ಗೊತ್ತಿಲ್ಲೆ.”

ಊರಿನವರಲ್ಲಿ ಒಬ್ಬ ನಕ್ಕ. ಖಾರ್ವಿಗಳಲ್ಲಿಯೂ ಒಬ್ಬ ನಕ್ಕ. ಈರಬಸಪ್ಪ ನಗಲಿಲ್ಲ. ಅವನು ಬಂದು ಪೂಜ್ಯರ ಪಾದಕ್ಕೆ ಬಾಗಿದ. ಪೂಜ್ಯರು ಕಾಲು ಹಿಂದಕ್ಕೆ ತೆಗೆದುಕೊಂಡರು.

“ನನ್ನನ್ನ ನೀ ಕೆಡವಿಲ್ಲ, ಮೇಸ್ತ್ರಿ. ನೀ ಕೆಡವಿದವನ್ನ ಎಬ್ಬಿಸು.”

ಹಿಂದಿನ ಸ್ಥಾನದ ಖಾರ್ವಿ ಇನ್ನೂ ಮಣ್ಣಿನಲ್ಲಿ ಕುಳಿತು ಮೊಣಕೈ ಉಜ್ಜಿಕೊಳ್ಳುತ್ತಿದ್ದ. ಮೇಸ್ತ್ರಿ ಹೋಗಿ ಕೈಕೊಟ್ಟು ಎಬ್ಬಿಸಿದ.

ಅಷ್ಟರಲ್ಲಿ ರಾಚನಗೌಡರು ಕುದುರೆಯಿಂದ ಇಳಿದರು. ಜೊತೆಗೆ ಗೌಡಕಿಯ ಆಳು ಓಲೇಕಾರನಿದ್ದ, ಅವನ ಹೆಗಲ ಮೇಲೆ ಕಟ್ಟುವ ಹುರಿಯಿತ್ತು. ಖಾರ್ವಿಗಳ ನಗು ನಿಂತಿತು. ಪುಂಡಲೀಕ ತಾನಾಗಿಯೇ ಒಂದು ಹೆಜ್ಜೆ ಮುಂದೆ ಬಂದ.

“ಯಾರಪ್ಪ ನಿನ್ನ ತಮ್ಮನ ಕಾಲು ಮುರದಾಂವ? ತೋರಸು” ಎಂದರು ಗೌಡರು.

ಈರಬಸಪ್ಪ ಪೂಜ್ಯರ ಕಡೆ ನೋಡಿದ. ಪೂಜ್ಯರು ಕೊಡ ತುಂಬುತ್ತಿದ್ದರು. ಉತ್ತರ ಮೇಸ್ತ್ರಿಯೇ ಹುಡುಕಿಕೊಳ್ಳಬೇಕಾಗಿತ್ತು.

“ಗೌಡ್ರ, ಬೇಕಂತ ಯಾರೂ ಮುರದಿಲ್ರಿ” ಎಂದ. “ಇವರು ಜಗ್ಗೂ ರೀತಿ ನನಗ ಗೊತ್ತಿರಲಿಲ್ಲ. ನಾ ಜಗ್ಗೂ ರೀತಿ ಇವರಿಗೆ ಗೊತ್ತಿರಲಿಲ್ಲ. ಕಲ್ಲಿಗೆ ಕೈ ಹಚ್ಚೂ ಮೊದಲ ಕೇಳೋದು ಮೇಸ್ತ್ರಿ ಕೆಲಸ. ನಾ ಕೇಳಲಿಲ್ಲ. ಕಟ್ಟೂದಿದ್ರ ನನ್ನ ಕಟ್ರಿ.”

ಗೌಡರಿಗೆ ನಂಬಿಕೆಯಾಗಲಿಲ್ಲ. ಹೆದರಿಸಿ ಹೇಳಿಸುತ್ತಿದ್ದಾರೇನೋ ಎಂದು ಖಾರ್ವಿಗಳನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸಿದರು. ಕಲ್ಲು ಏರುವುದನ್ನು ಕಣ್ಣಾರೆ ಕಾಣುವವರೆಗೆ ತಾವು ಇದನ್ನು ಬಿಡುವುದಿಲ್ಲ, ಮತ್ತೆ ಓರೆಯಾದರೆ ಪುಂಡಲೀಕನನ್ನು ಒಯ್ಯುವುದು ಖಂಡಿತ ಎಂದು ಹೇಳಿ ಅಂದಿಗೆ ಮನೆಗೆ ಮರಳಿದರು.

ಉಳಿದ ಹಗಲೆಲ್ಲ ತೊಲೆಯ ಮೇಲೆ ಅಭ್ಯಾಸ ನಡೆಯಿತು. ಸುಲಭವಾಗಿ ಏನೂ ಆಗಲಿಲ್ಲ. ಊರಿನವರಿಗೆ ಕಾಯಲು ಬಾರದು, ಖಾರ್ವಿಗಳಿಗೆ ಕಾಯದಿರಲು ಬಾರದು. ಬಹಳ ಸಲ ಬಿದ್ದರು, ಬೈದಾಡಿಕೊಂಡರು. ಕೊನೆಗೆ ಪುಂಡಲೀಕನೇ ಒಂದು ದಾರಿ ಸೂಚಿಸಿದ. ಮೇಸ್ತ್ರಿ “ಐಸಾ” ಎನ್ನಬೇಕು, ಅದು ತಯಾರಾಗುವ ಕೂಗು. ಪುಂಡಲೀಕ “ಏಲೇಸಾ” ಎನ್ನಬೇಕು, ಅದು ಎಳೆಯುವ ಕೂಗು. ಅಲೆಯ ಜಾಗದಲ್ಲಿ ಇನ್ನೊಬ್ಬ ಮನುಷ್ಯನ ದನಿಯನ್ನು ಇಟ್ಟರು ಎಂದು ತಿಳಿಯಬೇಕು. ಪೂಜ್ಯರು ಒಂದೇ ಒಂದು ಬದಲಾವಣೆ ಮಾಡಿದರು. ಎರಡೂ ಹಗ್ಗಗಳಲ್ಲಿ ಒಬ್ಬ ಊರಿನವನು, ಒಬ್ಬ ಖಾರ್ವಿ, ಹೀಗೆ ಬೆರೆಸಿ ನಿಲ್ಲಿಸಿದರು. ಪ್ರಸಾದದ ಊಟಕ್ಕೂ ಅದೇ ಸಾಲಿನಲ್ಲಿ ಎಲ್ಲರ ಕೈಹಿಡಿದು ಕೂರಿಸಿದರು.

ಮರುದಿನ ಬೆಳಿಗ್ಗೆ ನಡುಚಪ್ಪಡಿಗೆ ಹಗ್ಗ ಕಟ್ಟಿದರು. ದಿಮ್ಮಿಗಳ ಬಳಿ ಈ ಸಲ ಯಾರನ್ನೂ ಬಾಗಗೊಡಲಿಲ್ಲ, ಉದ್ದನೆಯ ಬಿದಿರ ಗಳುಗಳಿಂದ ಅವನ್ನು ಸರಿಪಡಿಸಿದರು. ಗುರುಶಾಂತ ಹೊರಸಿನ ಮೇಲೆ ಕುಳಿತು ನೋಡುತ್ತಿದ್ದ. ಗೌಡರು ಏರಿನ ಬದಿಯಲ್ಲಿ ಮೇಸ್ತ್ರಿಯ ಪಕ್ಕಕ್ಕೇ ಬಂದು ನಿಂತರು. ಹಗ್ಗ ಹಿಡಿದವರೆಲ್ಲರ ಮೈಗೂ ಒಂದೇ ಕೆಂಪುಮಣ್ಣು ಮೆತ್ತಿಕೊಂಡಿತ್ತು. ಗೌಡರ ಅನುಮಾನ ಇನ್ನೂ ಹೋಗಿರಲಿಲ್ಲ.

“ಐಸಾ!” ಎಂದು ಕೂಗಿದ ಮೇಸ್ತ್ರಿ.

ಯಾರೂ ಎಳೆಯಲಿಲ್ಲ. ಎರಡು ಹಗ್ಗಗಳೂ ನೆಲದಿಂದ ಒಂದೇ ಎತ್ತರಕ್ಕೆ ಎದ್ದು ನಿಂತವು.

“ಯಾಕೋ ಈರಬಸಪ್ಪ, ನೀ ಕೂಗಿದ್ರೂ ಜಗ್ಗವಲ್ಲರು” ಎಂದರು ಗೌಡರು ಹುಬ್ಬು ಗಂಟಿಕ್ಕಿ. “ಇದರಾಗ ನಿನ್ನ ಮಂದಿ ಯಾರು, ಅವರ ಮಂದಿ ಯಾರು?”

ಇಷ್ಟು ವರ್ಷ ತನ್ನ ಕೂಗಿಗೆ ಕಲ್ಲು ಅಲುಗಿಸಿದ ಈರಬಸಪ್ಪ ಮೇಸ್ತ್ರಿ ಗೌಡರ ಕಡೆ ತಿರುಗಲೂ ಇಲ್ಲ. ಕಣ್ಣು ಮುಚ್ಚಿ, ಕಿವಿಯನ್ನು ಬಲಗಡೆಗೆ ಕೊಟ್ಟು ನಿಂತಿದ್ದ.

“ತಡೀರಿ ಗೌಡ್ರ” ಎಂದ ಪಿಸುದನಿಯಲ್ಲಿ. “ಪುಂಡಲೀಕ ಇನ್ನಾ ಹೇಳಿಲ್ಲ.”