ಹಸಿ ಗೋಣಿ ಹಿಡಿದು ಕೂತವನು

"ಮೇಷ್ಟ್ರೇ, ನಡುವೆ ನಿಂತುಹೋಗದೇ ಇರೋ ಸಾಫ್ಟ್‌ವೇರ್ ಯಾವುದು? ಅದನ್ನ ಯಾವ ಆಪರೇಟಿಂಗ್ ಸಿಸ್ಟಂ ಮೇಲೆ ಓಡಿಸಲಿ?"

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬಂದ ಶಿವನಂಜ ಚಪ್ಪಲಿ ಬಿಡುವ ಮೊದಲೇ ಕೇಳಿದ. ಸಿದ್ದಲಿಂಗಾಚಾರ್ ಮೇಷ್ಟ್ರು ಅವನ ಮುಖ ನೋಡಿ, ಮೊದಲು ಕೂರು ಎನ್ನುವಂತೆ ಜಗುಲಿ ತೋರಿಸಿದರು. ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ರಂಗದ ಬೆಳಕು ನೋಡಿಕೊಂಡವರು ಅವರು. ಕಂಪ್ಯೂಟರಿನ ಮುಂದೆ ಒಂದು ದಿನವೂ ಕೂತವರಲ್ಲ. ಆದರೂ ಕಸುಬಿನಲ್ಲಿ ಕೈಕಾಲು ಆಡದಂತಾದಾಗ ಶಿವನಂಜ ಓಡಿ ಬರುತ್ತಿದ್ದುದು ಅವರ ಜಗುಲಿಗೇ. ಬೆಳಕಿನ ಮೊದಲ ಪಾಠವನ್ನು ಅವನು ಕಲಿತದ್ದು ಅವರ ಕೈಕೆಳಗೆ.

ಈಗ ಅವನದು ಲೇಸರ್ ಪ್ರದರ್ಶನದ ಕಸುಬು. ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಸಾಫ್ಟ್‌ವೇರ್ ಅದನ್ನು ಲೇಸರ್ ಯಂತ್ರಕ್ಕೆ ತಿಳಿಸುತ್ತದೆ. ಯಂತ್ರದೊಳಗೆ ಎರಡು ಪುಟ್ಟ ಕನ್ನಡಿಗಳಿವೆ. ಅವು ಎಡೆಬಿಡದೆ ಓಡಾಡಿ, ಒಂದೇ ಕಿರಣದಿಂದ ಗೋಡೆಯ ಮೇಲೆ ನವಿಲನ್ನೋ ಆನೆಯನ್ನೋ ಬರೆಯುತ್ತವೆ. ಕನ್ನಡಿ ಓಡುತ್ತಿರುವಷ್ಟು ಹೊತ್ತು ಅದು ಚಿತ್ರ. ಕನ್ನಡಿ ನಿಂತರೆ ಅಷ್ಟೂ ಬೆಳಕು ಒಂದೇ ಚುಕ್ಕೆಯಾಗಿ ನಿಲ್ಲುತ್ತದೆ. ಆ ಚುಕ್ಕೆ ಯಾರ ಕಣ್ಣಿಗೆ ಬಿತ್ತೋ ಅವರ ಕಣ್ಣು ಹೋಯಿತು ಎಂದೇ ಲೆಕ್ಕ.

ಹೋದ ತಿಂಗಳು ಒಂದು ಆರತಕ್ಷತೆಯಲ್ಲಿ ಹಾಗೇ ಆಗಿತ್ತು. ಪ್ರದರ್ಶನದ ನಡುವೆ ಕಂಪ್ಯೂಟರ್ ನಿಂತುಹೋಯಿತು. ಜನರ ತಲೆಯ ಮೇಲೆ ಬೀಸುತ್ತಿದ್ದ ಹಸಿರು ಕಿರಣ ಕೆಳಗೆ ಬಾಗಿದ ಹಾಗೆಯೇ ನಿಂತು, ಮುಂದಿನ ಸಾಲಿನ ಅಜ್ಜಿಯೊಬ್ಬರ ಸೆರಗಿನ ಮೇಲೆ, ಕುತ್ತಿಗೆಯ ಹತ್ತಿರ ಕೂತಿತು. ಶಿವನಂಜನ ಹೆಂಡತಿ ಮಾದೇವಿ ಯಂತ್ರದ ಪಕ್ಕದಲ್ಲೇ ಇದ್ದಳು. ಪ್ರದರ್ಶನ ಶುರುವಾದಾಗಿನಿಂದ ಮುಗಿಯುವವರೆಗೆ ಅವಳಿಗೆ ಒಂದೇ ಕೆಲಸ. ಯಂತ್ರದ ಕೆಂಪು ಗುಂಡಿಯ ಮೇಲೆ ಕೈಯಿಟ್ಟುಕೊಂಡು ಕಿರಣವನ್ನೂ ಜನರನ್ನೂ ನೋಡುತ್ತಿರಬೇಕು. ಅವಳು ಗುಂಡಿ ಒತ್ತಿದಳು, ಬೆಳಕು ಆರಿತು. ಅಜ್ಜಿ ಲಾಡು ತಿನ್ನುತ್ತಲೇ ಇದ್ದರು. ಏನಾಗುತ್ತಿತ್ತು ಎಂಬುದು ಅವರಿಗೆ ತಿಳಿಯಲೇ ಇಲ್ಲ.

ತಿಳಿದದ್ದು ಶಿವನಂಜನಿಗೆ. ಆ ಚುಕ್ಕೆ ಒಂದು ಗೇಣು ಮೇಲೆ ನಿಂತಿದ್ದರೆ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಚುಕ್ಕೆ, ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಚುಕ್ಕೆ. ಮಜ್ಜಿಗೆಯನ್ನೂ ಊದಿ ಕುಡಿಯುವವನಾಗಿಬಿಟ್ಟಿದ್ದ. ಇನ್ನು ಆರು ದಿನಕ್ಕೆ ಊರಿನ ಸರ್ಕಾರಿ ಶಾಲೆಯ ಶತಮಾನೋತ್ಸವ. ಮೈದಾನದಲ್ಲಿ ಅವನದೇ ಪ್ರದರ್ಶನ. ಮುಂದಿನ ನಾಲ್ಕು ಸಾಲು ಪೂರ್ತಿ ಮಕ್ಕಳು ಎಂದು ಹೆಡ್ಮೇಷ್ಟ್ರು ಸಂತೋಷದಿಂದ ಹೇಳಿದ್ದರು. ಆ ಮಾತು ಕೇಳಿದ ಮೇಲೆ ಶಿವನಂಜನಿಗೆ ಅನ್ನವೇ ಸೇರದಾಗಿತ್ತು.

ಅವನು ತನ್ನ ಕಷ್ಟವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಅವನ ಮುಂದೆ ಮೂರು ಸಾಫ್ಟ್‌ವೇರ್‌ಗಳಿದ್ದವು. ಮೊದಲನೆಯದು ಎಲ್ಲರ ಕಂಪ್ಯೂಟರಿನಲ್ಲೂ ಇರುವ ಆಪರೇಟಿಂಗ್ ಸಿಸ್ಟಂ ಮೇಲೆ ಮಾತ್ರ ಓಡುತ್ತದೆ. ಅವನ ಕೈಗೆ ಅದು ಪಳಗಿದೆ. ಆದರೆ ನಿಂತುಹೋದದ್ದೂ ಅದೇ. ಎರಡನೆಯದು ಬಿಟ್ಟಿಯಾಗಿ ಸಿಗುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಮೇಲೆ ಓಡುತ್ತದೆ. ಆ ಸಿಸ್ಟಂ ವರ್ಷಗಟ್ಟಲೆ ಅಲುಗದೆ ನಡೆಯುತ್ತದಂತೆ. ಆದರೆ ಅವನ ಲೇಸರ್ ಯಂತ್ರದ ಗುರುತೇ ಅದಕ್ಕೆ ಹತ್ತುವುದಿಲ್ಲ. ಹತ್ತು ಜನರನ್ನು ಕೇಳಿದರೆ ಹನ್ನೊಂದು ಮಾತು. ಮೂರನೆಯದು ಈಗಷ್ಟೇ ಬಂದದ್ದು. ಎರಡು ಸಿಸ್ಟಂಗಳ ಮೇಲೂ ಓಡುತ್ತದೆ. ಜೊತೆಗೆ ಕಿರಣ ಎಲ್ಲಾದರೂ ನಿಂತರೆ ತಾನೇ ಕಂಡುಹಿಡಿದು ತಾನೇ ಆರಿಸುತ್ತದೆ ಎಂದು ಅದನ್ನು ಮಾಡಿದವರು ಹೇಳುತ್ತಾರೆ.

ಅವನ ಮನಸ್ಸು ಆ ಮೂರನೆಯದರ ಮೇಲೆ ಕೂತಿತ್ತು. ಅದನ್ನು ಹಾಕಿಕೊಂಡರೆ ಇನ್ನೊಂದು ಅನುಕೂಲವೂ ಇದೆ ಎಂದು ಮೇಷ್ಟ್ರಿಗೆ ಹೇಳಿದ. ಮಾದೇವಿಯನ್ನು ಸುಮ್ಮನೆ ಗುಂಡಿಯ ಹತ್ತಿರ ಕೂರಿಸಬೇಕಾಗಿಲ್ಲ, ಹೊಗೆ ಬಿಡುವ ಯಂತ್ರಕ್ಕೆ ಕಳಿಸಬಹುದು. ಹೊಗೆ ಇಲ್ಲದಿದ್ದರೆ ಗಾಳಿಯಲ್ಲಿ ಕಿರಣ ಕಾಣುವುದಿಲ್ಲ, ಅಲ್ಲಿ ಒಬ್ಬರು ಬೇಕೇ ಬೇಕು. ನಿಂತುಹೋದ ಕಂಪ್ಯೂಟರಿಗೆ ತಾನು ನಿಂತದ್ದು ಹೇಗೆ ಗೊತ್ತಾಗುತ್ತದೆ ಎಂದು ಮಾದೇವಿ ಮನೆಯಲ್ಲಿ ಕೇಳಿದ್ದಳಂತೆ. ಅವಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವನು ಮಾತು ತೇಲಿಸಿದ್ದ. ಹಿತ್ತಲ ಗಿಡ ಯಾವತ್ತು ಮದ್ದಾಗಿದೆ?

ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡರು. ಸಾಫ್ಟ್‌ವೇರ್ ಬಗ್ಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದರು.

ಒಬ್ಬ ತೊಗಲುಗೊಂಬೆಯವನಿದ್ದ. ಬಿಳಿ ಪರದೆ ಕಟ್ಟಿ, ಅದರ ಹಿಂದೆ ದೀಪ ತೂಗುಹಾಕಿ, ಎರಡರ ನಡುವೆ ಬಣ್ಣದ ತೊಗಲಿನ ಗೊಂಬೆಗಳನ್ನು ಆಡಿಸುವುದು ಅವನ ಕುಲಕಸುಬು. ದೀಪ ಮಣ್ಣಿನದು, ಎಣ್ಣೆ ಹರಳಿನದು. ಗಾಳಿ ಜೋರಾದರೆ ದೀಪ ಆರುತ್ತಿತ್ತು. ಆರಿದರೆ ಮತ್ತೆ ಹಚ್ಚುವರು. ಅಷ್ಟು ಹೊತ್ತು ಜನ ಎಲೆ ಅಡಿಕೆ ಹಾಕಿಕೊಂಡು ಕಾಯುವರು. ಇದು ತಲೆತಲಾಂತರದಿಂದ ನಡೆದುಬಂದದ್ದು.

ಅವರ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಆಟ ಮುಗಿಯುವವರೆಗೆ ದೀಪದ ಪಕ್ಕದಲ್ಲಿ ಒಬ್ಬರು ಹಸಿ ಗೋಣಿಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಕು. ಅವರು ಹಾಡಬಾರದು, ತಾಳ ಹಾಕಬಾರದು, ಗೊಂಬೆ ಮುಟ್ಟಬಾರದು. ಕತೆ ಎಷ್ಟೇ ಸೊಗಸಾಗಿದ್ದರೂ ಅತ್ತ ಕಿವಿ ಕೊಡಬಾರದು. ದೀಪ ನೋಡಬೇಕು, ಅಷ್ಟೆ. ಗೊಂಬೆಯವನ ದೊಡ್ಡಪ್ಪ ಆ ಜಾಗದಲ್ಲಿ ಮೂವತ್ತು ವರ್ಷ ಕೂತಿದ್ದ. ಮೂವತ್ತು ವರ್ಷದಲ್ಲಿ ಅವನು ಗೋಣಿ ಎತ್ತಿದ್ದು ಎರಡೇ ಸಲ. ಎರಡು ಸಲವೂ ಜನಕ್ಕೆ ಏನೂ ಗೊತ್ತಾಗಲಿಲ್ಲ. ಅವರ ಕಣ್ಣಿಗೆ ಅವನು ಕೂತು ಉಣ್ಣುವವನು. ಹಾಗೆಂದು ಎದುರಿಗೇ ಆಡಿಕೊಂಡು ನಗುತ್ತಿದ್ದರು. ದೊಡ್ಡಪ್ಪನೂ ಅವರ ಜೊತೆ ನಗುತ್ತಿದ್ದ.

ಒಂದು ಸಲ ಪಾಳೆಯಗಾರನ ಮುಂದೆ ಆಟ ನಡೆಯಿತು. ಅಂದು ಗಾಳಿಯೋ ಗಾಳಿ. ದೀಪ ಮೂರು ಸಲ ಆರಿತು. ಮೂರನೆಯ ಸಲ ಆರಿದ್ದು ಗೊಂಬೆಯ ರಾಜನಿಗೆ ಇನ್ನೇನು ಪಟ್ಟ ಕಟ್ಟಬೇಕು ಎನ್ನುವಾಗ. ಜನ ಹೋ ಎಂದರು. ಪಾಳೆಯಗಾರ ನಕ್ಕು ಎದ್ದುಹೋದ. ಮುಂದಿನ ವರ್ಷ ಅವನಿಂದ ಮತ್ತೆ ಕರೆ ಬಂತು. ಈ ಸಲ ಪಟ್ಟ ಕಟ್ಟುವುದನ್ನು ನೋಡಿಯೇ ಏಳುತ್ತೇನೆ ಎಂದು ಹೇಳಿ ಕಳಿಸಿದ್ದ. ಅದು ಪ್ರೀತಿಯ ಮಾತೋ ಬೆದರಿಕೆಯೋ ಗೊಂಬೆಯವನಿಗೆ ತಿಳಿಯಲಿಲ್ಲ.

ಅವತ್ತಿನಿಂದ ಅವನಿಗೆ ದೀಪದ್ದೇ ಧ್ಯಾನ. ಮರದ ಎಲೆ ಅಲುಗಿದರೆ ಎದೆ ಧಸಕ್ಕೆನ್ನುವುದು. ಗೊಂಬೆಗಳನ್ನು ಬಿಸಿಲಿಗೆ ಹಾಕುವುದನ್ನು ಮರೆತ. ಹಾಡು ಒಮ್ಮೆಯೂ ಹೇಳಿಕೊಳ್ಳಲಿಲ್ಲ. ಹೊಂಗೆ ಎಣ್ಣೆ ಹಾಕಿ ನೋಡಿದ, ಹಿಪ್ಪೆ ಎಣ್ಣೆ ಹಾಕಿ ನೋಡಿದ, ಹುಚ್ಚೆಳ್ಳೆಣ್ಣೆಯನ್ನೂ ಬಿಡಲಿಲ್ಲ. ಬತ್ತಿ ದಪ್ಪ ಮಾಡಿದ, ಸಣ್ಣ ಮಾಡಿದ. ಯಾವುದಾದರೂ ಒಂದು ಗಾಳಿಗೆ ಎಲ್ಲವೂ ಆರಿದವು.

"ಕೊನೆಗೆ ಯಾವ ಎಣ್ಣೆ ನಿಂತಿತು ಮೇಷ್ಟ್ರೇ?" ಎಂದು ಶಿವನಂಜ ಕೇಳಿಯೇಬಿಟ್ಟ.

ಮೇಷ್ಟ್ರು ಅವನನ್ನೇ ನೋಡುತ್ತ ಕೂತರು. ಅವನು ತಲೆ ತಗ್ಗಿಸಿದ ಮೇಲೆ ಕತೆ ಮುಂದುವರಿಸಿದರು.

ಕೊನೆಗೆ ಒಬ್ಬ ವ್ಯಾಪಾರಿ ಸಿಕ್ಕಿದ. ಅವನ ಹತ್ತಿರ ದೂರದೇಶದಿಂದ ಬಂದ ಹಿತ್ತಾಳೆಯ ದೀಪವೊಂದಿತ್ತು. ಸುತ್ತ ಗಾಳಿಮರೆ, ಒಳಗೆ ಐದು ಬತ್ತಿ. ಒಂದು ಬತ್ತಿ ಆರಿದರೆ ಪಕ್ಕದ್ದು ಅದನ್ನು ಹೊತ್ತಿಸುವ ಹಾಗೆ ಜೋಡಿಸಿದ್ದರು.

"ಇದು ಗಾಳಿಗೆ ಆರುತ್ತಾ?" ಎಂದು ಗೊಂಬೆಯವನು ಕೇಳಿದ.

"ಗಾಳಿಗೆ ಆರಲ್ಲ," ಎಂದ ವ್ಯಾಪಾರಿ. "ಬೇಕು ಅಂದಾಗ ನೀನು ಊದಿದರೂ ಆರಲ್ಲ. ಅದೊಂದು ನೆನಪಿಟ್ಟುಕೋ."

ಗೊಂಬೆಯವನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ದೀಪವನ್ನು ಮನೆಗೆ ತಂದ. ಮೊರದಲ್ಲಿ ಬೀಸಿ ನೋಡಿದ, ಆರಲಿಲ್ಲ. ಬಾಗಿಲು ತೆಗೆದಿಟ್ಟು ನೋಡಿದ, ಆರಲಿಲ್ಲ. ಹದಿನೈದು ದಿನದಿಂದ ಹಿಡಿದಿದ್ದ ಉಸಿರು ಬಿಟ್ಟ. ಮೈಯೆಲ್ಲ ಹಗುರವಾಯಿತು. ಮೈ ಹಗುರವಾದವನಿಗೆ ಬುದ್ಧಿಯೂ ಚುರುಕಾಗುತ್ತದೆ. ಆರದ ದೀಪಕ್ಕೆ ಕಾವಲು ಯಾಕೆ ಎಂದು ಅವನಿಗೆ ಹೊಳೆಯಿತು. ತಾಳ ಹಾಕುವವನು ಜ್ವರ ಬಂದು ಮಲಗಿದ್ದ. ಆಟದ ದಿನ ದೊಡ್ಡಪ್ಪನನ್ನು ಕರೆದು ತಾಳ ಅವನ ಕೈಗೆ ಕೊಟ್ಟ.

ದೊಡ್ಡಪ್ಪ ತಾಳ ನೋಡಿದ, ತನ್ನ ಗೋಣಿ ನೋಡಿದ. ಆಗಷ್ಟೇ ಅದನ್ನು ನೀರಿನಲ್ಲಿ ಅದ್ದಿ ಹಿಂಡಿದ್ದ.

"ಹಾಗಾದ್ರೆ ಗೋಣಿ?" ಎಂದ.

"ಒಣಗಲಿ ಬಿಡು ದೊಡ್ಡಪ್ಪ."

ದೊಡ್ಡಪ್ಪ ಹೋಗಿ ಗೋಣಿಯನ್ನು ಬೇಲಿಯ ಮೇಲೆ ಹರವಿ ಬಂದ.

ಆಟ ಶುರುವಾಯಿತು. ಅಂಥ ಬೆಳಕನ್ನು ಆ ಊರು ಕಂಡಿರಲಿಲ್ಲ. ಗೊಂಬೆಯ ಕಣ್ಣಿನ ಕಾಡಿಗೆಯೂ ಪರದೆಯ ಮೇಲೆ ಕಂಡಿತು. ಪಾಳೆಯಗಾರ ಅಲುಗದೆ ಕೂತ. ಗಾಳಿ ಎದ್ದಿತು, ದೀಪ ಆರಲಿಲ್ಲ. ಮತ್ತೆ ಎದ್ದಿತು, ಆರಲಿಲ್ಲ. ಗೊಂಬೆಯವನಿಗೆ ಕುಣಿಯುವಷ್ಟು ಖುಷಿ. ಪಟ್ಟ ಕಟ್ಟುವ ಹೊತ್ತು ಬಂತು. ಅವನ ಒಂದು ಕೈಯಲ್ಲಿ ರಾಜ, ಇನ್ನೊಂದು ಕೈಯಲ್ಲಿ ಕಿರೀಟ ಹಿಡಿದ ಮಂತ್ರಿ. ಮೂರನೆಯ ಗಾಳಿಗೆ ಪರದೆಯ ಕೆಳಗಿನ ಹಗ್ಗ ಬಿಚ್ಚಿತು. ಪರದೆ ಎದ್ದು ಬಂದು ದೀಪದ ಮೇಲೆ ಮಲಗಿತು.

ಹಳೆಯ ದೀಪವಾಗಿದ್ದರೆ ಅಂಥ ಗಾಳಿಗೆ ಪರದೆಗಿಂತ ಮೊದಲೇ ಆರಿರುತ್ತಿತ್ತು. ಆರದೆ ಉಳಿದಿದ್ದರೂ ಒಂದು ಕೈಯಳತೆಯಲ್ಲಿ ಹಸಿ ಗೋಣಿ ಇರುತ್ತಿತ್ತು. ಇದು ಆರದ ದೀಪ. ಪರದೆ ಹತ್ತಿಕೊಂಡಿತು, ಪರದೆಯಿಂದ ಚಪ್ಪರ ಹತ್ತಿಕೊಂಡಿತು. ದೊಡ್ಡಪ್ಪ ತಾಳ ಎಸೆದು ದೀಪದ ಕಡೆ ಓಡಿದ. ಮೂವತ್ತು ವರ್ಷದ ಅಭ್ಯಾಸದ ಮೇಲೆ ಅವನ ಕೈ ಮಡಿಲಿಗೆ ಹೋಯಿತು. ಮಡಿಲಲ್ಲಿ ಏನೂ ಇರಲಿಲ್ಲ. ಪರದೆಯ ಆಚೆ ಚಪ್ಪರದಡಿ ಜನ ಎದ್ದು ಓಡುತ್ತಿದ್ದರು, ಮಕ್ಕಳು ಎಡವಿ ಬೀಳುತ್ತಿದ್ದವು. ಅವರೆಲ್ಲ ಹೊರಬೀಳುವವರೆಗೂ ಬೆಂಕಿ ಆಚೆ ಬದಿಗೆ ದಾಟಬಾರದೆಂದು ಅವನು ಉರಿಯುವ ಬಟ್ಟೆಯನ್ನು ಎರಡೂ ಕೈಯಿಂದ ಎಳೆದು ಹಿಡಿದ.

ಯಾರ ಜೀವವೂ ಹೋಗಲಿಲ್ಲ. ಏಳು ತಲೆಮಾರಿನ ಗೊಂಬೆಗಳು ಹಪ್ಪಳದ ಹಾಗೆ ಮುದುಡಿ ಬೂದಿಯಾದವು. ದೊಡ್ಡಪ್ಪನ ಹತ್ತು ಬೆರಳೂ ಬೆಂದು ಒಂದಕ್ಕೊಂದು ಅಂಟಿಕೊಂಡವು. ಮತ್ತೆ ಅವನು ತುತ್ತು ಹಿಡಿಯಲಿಲ್ಲ. ಬದುಕಿರುವಷ್ಟು ದಿನ ಅವನಿಗೆ ಗೊಂಬೆಯವನೇ ಕಲಸಿ ತಿನ್ನಿಸಬೇಕಾಯಿತು. ಕೂತು ಉಣ್ಣುವವನು ಎಂದು ಜನ ಆಡಿಕೊಂಡದ್ದು ಹೀಗೆ ನಿಜವಾಯಿತು. ಆಮೇಲೆ ಅದನ್ನು ಹೇಳಿ ಯಾರೂ ನಗಲಿಲ್ಲ.

ಬೆಳಗ್ಗೆ ಗೊಂಬೆಯವನು ಬೂದಿ ಕೆದಕುತ್ತ ಹೋದಾಗ ಹಿತ್ತಾಳೆಯ ದೀಪ ಸಿಕ್ಕಿತು. ಅದರ ಐದು ಬತ್ತಿಗಳಲ್ಲಿ ಒಂದು ಇನ್ನೂ ಉರಿಯುತ್ತಿತ್ತು. ಪಕ್ಕದ ಬೇಲಿಯ ಮೇಲೆ ಗೋಣಿ ಚೆನ್ನಾಗಿ ಒಣಗಿತ್ತು.

ಕತೆ ಮುಗಿಯಿತು. ಮೇಷ್ಟ್ರು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು. ಶಿವನಂಜ ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದ. ಮಕ್ಕಳ ನಾಲ್ಕು ಸಾಲು ಅವನ ಕಣ್ಣ ಮುಂದೆಯೇ ಇತ್ತು. ಕತೆ ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ. ಆದರೆ ಭಯ ಹಿಡಿದವನು ಉತ್ತರ ಸಿಕ್ಕ ಮೇಲೂ ಪ್ರಶ್ನೆಯನ್ನು ಕೈಬಿಡುವುದಿಲ್ಲ.

"ಆಯ್ತು ಮೇಷ್ಟ್ರೇ, ಈಗ ಆ ಮೂರರಲ್ಲಿ ನಾನು ಯಾವುದನ್ನ ಹಾಕಲಿ?" ಎಂದು ಮೆಲ್ಲಗೆ ಕೇಳಿದ.

"ಕೈಗೆ ಪಳಗಿದ್ದನ್ನ ಹಾಕಯ್ಯ, ಯಾವುದೇ ಆದರೂ ಒಂದು ದಿನ ನಿಂತೇ ನಿಲ್ಲುತ್ತೆ, ಅವತ್ತು ಮಾದೇವಿ ಎಲ್ಲಿ ಕೂತಿರ್ತಾಳೆ ಅನ್ನೋದನ್ನ ಹೇಳು."