ಸರೋವರ ತೋರಿಸುತ್ತೇನೆಂದ ಒಂಟೆ

"ಮರಳುಗಾಡಿನ ನಟ್ಟನಡುವೆ ಒಂದು ಸರೋವರ ಇದೆ. ಅಲೆ ಎದ್ದರೆ ಚಂದ್ರನ ಮುಖ ತೊಳೆಯುತ್ತದೆ. ಕಣ್ಣಾರೆ ಕಂಡವನು ನಾನು! ಜೊತೆಗಿದ್ದ ಒಂಟೆಗಳೆಲ್ಲ ಸತ್ತುಹೋದವು, ಇಲ್ಲದಿದ್ದರೆ ಅವನ್ನೇ ಕೇಳು ಅನ್ನುತ್ತಿದ್ದೆ," ಎಂದಿತು, ಪ್ರವಾಸಿಗರನ್ನು ಹೊತ್ತು ಹೊತ್ತು ಡುಬ್ಬ ಸವೆದಿದ್ದ ಮುದಿ ಒಂಟೆ.

ಸಫಾರಿ ಡೇರೆಯ ಹಿಂದಿನ ಹೊಂಡದಲ್ಲೇ ಹುಟ್ಟಿ ಬೆಳೆದ ಕಪ್ಪೆಗೆ ಆಸೆ ತಡೆಯಲಾಗಲಿಲ್ಲ. ಎಲ್ಲೆಲ್ಲಿಂದಲೋ ಜನ ಬಂದು ಮರಳುಗಾಡು ನೋಡಿ ಹೋಗುತ್ತಾರೆ, ಮಗ್ಗುಲಲ್ಲೇ ಇರುವ ತಾನು ಮಾತ್ರ ನೋಡಿಲ್ಲ!

"ನನ್ನನ್ನೂ ಕರಕೊಂಡು ಹೋಗಜ್ಜಾ."

"ಹತ್ತು ತಂಗೀ, ಡುಬ್ಬ ಹಿಡಿದು ಕೂತ್ಕೋ. ಸರೋವರಕ್ಕೆ ಹೋಗುವವಳಿಗೆ ಇನ್ನು ಈ ಗುಂಡಿ ಯಾತಕ್ಕೆ?" ಎಂದ ಒಂಟೆ, ಹೊಂಡದ ನೀರನ್ನು ತಳ ಕಾಣುವ ತನಕ ಹೀರಿ ಹೊರಟಿತು.

ಬೆಳಗಿನ ತಂಗಾಳಿಗೆ ಕಪ್ಪೆ ವಟಗುಟ್ಟಿ ಹಾಡಿತು. ಹೊತ್ತು ನೆತ್ತಿಗೇರುವಷ್ಟರಲ್ಲಿ ಅದರ ಚರ್ಮ ಸುಟ್ಟ ಹಪ್ಪಳದ ಹಾಗೆ ಮುರುಟತೊಡಗಿತು.

"ಅಜ್ಜಾ, ಇನ್ನೆಷ್ಟು ದೂರ?"

"ಅಗೋ, ಆ ದಿಬ್ಬದಾಚೆ."

ದಿಬ್ಬದಾಚೆ ಇನ್ನೊಂದು ದಿಬ್ಬವಿತ್ತು. ಅದರಾಚೆಯೂ ಮರಳೇ. ತಿರುಗಿ ಹೋಗೋಣವೆಂದರೆ ಹೊಂಡದಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ. ಅದು ನೆನಪಾದದ್ದೇ ಕಪ್ಪೆ ಕೇಳಿತು: "ಅಂಥ ಸರೋವರದ ದಾರಿ ಗೊತ್ತಿದ್ದವನು ನನ್ನ ಕೆಸರುನೀರನ್ನು ಯಾಕೆ ನೆಕ್ಕಿದೆ, ಅಜ್ಜಾ?"

ಒಂಟೆ ನಡೆಯುವುದನ್ನು ನಿಲ್ಲಿಸಲೂ ಇಲ್ಲ. ಸುಮ್ಮನೆ ಒಮ್ಮೆ ಹೆಗಲು ಕುಣಿಸಿತು. ಆ ಒಂದು ಕುಣಿತಕ್ಕೇ ಕಪ್ಪೆ ಡುಬ್ಬದಿಂದ ಜಾರಿ ಕಾದ ಮರಳಿಗೆ ಬಿತ್ತು.